ಎಂಟನೆಯ ಹೆಜ್ಜೆ

ಮದುವೆಯ ಮಂಟಪದಲ್ಲಿ ಪುರೋಹಿತರು ವರನಿಂದ ಆಡಿಸುವ ಪ್ರತಿಜ್ಞೆಯಲ್ಲಿ ಮೂರು ಮಾತುಗಳಿವೆ. ಧರ್ಮದಲ್ಲಿ, ಅರ್ಥದಲ್ಲಿ, ಕಾಮದಲ್ಲಿ ಈಕೆಯನ್ನು ಮೀರಿ ನಡೆಯೆನು ಎಂಬುದು ಅದರ ತಾತ್ಪರ್ಯ. ಮೊದಲನೆಯ ಮಾತನ್ನು ಹಿರಿಯರು ತಲೆದೂಗಿ ಕೇಳುತ್ತಾರೆ. ಮೂರನೆಯದನ್ನು ಗೆಳೆಯರು ಕೇಳಿ ಮುಸಿಮುಸಿ ನಗುತ್ತಾರೆ. ನಡುವಿನ ಮಾತು ಮಾತ್ರ ವಾಲಗದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಅರ್ಥದ ವಿಚಾರವನ್ನು ವರನ ತಂದೆಯೂ ವಧುವಿನ ತಂದೆಯೂ ಜಗುಲಿಯ ಮೇಲೆ ಕುಳಿತು ಮೊದಲೇ ತೀರ್ಮಾನಿಸಿರುತ್ತಾರೆ. ಅದನ್ನು ವಧುವಿಗೆ ಹೇಳಬೇಕೆಂಬ ನಿಯಮವೇನೂ ನಮ್ಮಲ್ಲಿಲ್ಲ.

ಹೀಗೆ ಮುಳುಗಿಹೋದ ಮಾತನ್ನು ಮೇಲಕ್ಕೆತ್ತಿ, ಕಾಗದದ ಮೇಲೆ ಬರೆಸಿ, ರುಜು ಹಾಕಿಸಿಕೊಂಡು, ಅದಕ್ಕೆ ಪುರಾವೆಯನ್ನೂ ಕೇಳುವ ಸರ್ಕಾರಗಳು ಪರದೇಶಗಳಲ್ಲಿವೆ. ಅಮೆರಿಕದ ಪ್ರಜೆಯಾದವನು, ಅಥವಾ ಅಲ್ಲಿ ಕಾಯಂ ವಾಸದ ಹಕ್ಕು ಪಡೆದವನು, ತನ್ನ ಹೆಂಡತಿಗೂ ಆ ಹಕ್ಕನ್ನು ಕೊಡಿಸಬೇಕಾದರೆ ತಾಳಿ ಕಟ್ಟಿದುದಷ್ಟೇ ಸಾಲದು. ಈಕೆಯನ್ನು ಸಾಕಬಲ್ಲೆನೆಂದು ಲೆಕ್ಕಪತ್ರ ಸಹಿತ ಬರೆದುಕೊಡಬೇಕು. ಆ ಪತ್ರಕ್ಕೆ ಪೋಷಣೆಯ ಅಫಿಡವಿಟ್ ಎಂದು ಹೆಸರು. ನಮೂನೆಯ ಸಂಖ್ಯೆ ಐ-864. ಸಪ್ತಪದಿಯ ಏಳು ಹೆಜ್ಜೆಗಳು ಮುಗಿದ ಮೇಲೆ ನಮ್ಮ ಕಡೆಯ ಅನೇಕ ಹೆಣ್ಣುಮಕ್ಕಳು ಇಡಬೇಕಾಗಿರುವ ಎಂಟನೆಯ ಹೆಜ್ಜೆ ಇದು. (ಕಂಪನಿಯ ಕೆಲಸದ ಮೂಲಕವೇ ಗಂಡ ಹೆಂಡಿರಿಬ್ಬರಿಗೂ ಗ್ರೀನ್ ಕಾರ್ಡು ಬರುವಂತಿದ್ದರೆ ಸಾಮಾನ್ಯವಾಗಿ ಈ ಪತ್ರದ ಗೊಡವೆ ಇರುವುದಿಲ್ಲ, ಅಲ್ಲಿ ಕಂಪನಿಯ ಉದ್ಯೋಗದ ಪತ್ರವೇ ಆಧಾರ.)

ಈ ವಿಷಯಕ್ಕೂ ಕನ್ನಡ ಪಾಠ ಹೇಳುವವನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಭಾಷಾಂತರದ್ದು. ಕನ್ನಡದಲ್ಲಿರುವ ಯಾವ ದಾಖಲೆಯನ್ನು ಲಗತ್ತಿಸಿದರೂ ಅದರ ಪೂರ್ಣ ಇಂಗ್ಲಿಷ್ ಅನುವಾದವನ್ನು ಜೊತೆಗಿಡಬೇಕು. ಅನುವಾದಿಸಿದವನು ತನಗೆ ಎರಡು ಭಾಷೆಗಳೂ ಬರುತ್ತವೆಂದೂ ಅನುವಾದ ಸಮಗ್ರವಾಗಿಯೂ ಸರಿಯಾಗಿಯೂ ಇದೆಯೆಂದೂ ಬರೆದು ರುಜು ಮಾಡಬೇಕು. ಆದಕಾರಣ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದ ಪರದೇಶಕ್ಕೆ ಹೆಣ್ಣು ಕೊಟ್ಟವರು ಪಹಣಿ, ಲಗ್ನಪತ್ರಿಕೆ, ಸೊಸೈಟಿಯ ರಸೀದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನಂಥವರ ಬಾಗಿಲಿಗೆ ಬರುತ್ತಾರೆ. ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂಬ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಯೋಚಿಸುತ್ತ ಕುಳಿತಾಗ, ನಮ್ಮ ಸಂಸಾರಗಳ ಹಣಕಾಸಿನ ಸ್ವರೂಪವೇ ಕಣ್ಣಮುಂದೆ ಬಿಚ್ಚಿಕೊಳ್ಳುತ್ತದೆ.

ಮೊದಲು ಆ ಪತ್ರದ ಹಿನ್ನೆಲೆಯನ್ನು ನೋಡೋಣ. ಸಾರ್ವಜನಿಕರ ಬೊಕ್ಕಸಕ್ಕೆ ಹೊರೆಯಾಗುವಂಥವರನ್ನು ಒಳಗೆ ಬಿಡಬಾರದೆಂಬ ನಿಯಮವನ್ನು ಅಮೆರಿಕ 1882ರಲ್ಲಿಯೇ ಮಾಡಿತು. ಆಗ ನಮ್ಮವರು ಅಲ್ಲಿಗೆ ಹೋಗುತ್ತಿದ್ದುದೇ ವಿರಳ. 1946ರ ಕಾಯಿದೆಯೂ ಭಾರತೀಯರಿಗೆ ವರ್ಷಕ್ಕೆ ನೂರು ಮಂದಿಯ ಮಿತಿಯನ್ನೇ ಇಟ್ಟಿತ್ತು. 1965ರ ಕಾಯಿದೆ ಆ ಬಾಗಿಲನ್ನು ಅಗಲವಾಗಿ ತೆರೆಯಿತು. ಪೋಷಣೆಯ ಪತ್ರವೇನೋ ಅದಕ್ಕೆ ಮೊದಲೂ ಇತ್ತು. ಆದರೆ ಅದನ್ನು ನ್ಯಾಯಾಲಯಗಳು ಬರಿಯ ನೈತಿಕ ಮಾತೆಂದು ಭಾವಿಸುತ್ತಿದ್ದವು. 1996ರ ಕಾಯಿದೆ ಅದನ್ನು ಬದಲಾಯಿಸಿ, ಕೋರ್ಟಿನಲ್ಲಿ ನಿಲ್ಲುವ ಕರಾರನ್ನಾಗಿ ಮಾಡಿತು. ಅಲ್ಲಿಂದೀಚೆಗೆ ಈ ಪತ್ರಕ್ಕೆ ರುಜು ಹಾಕುವವನು ಶಿಷ್ಟಾಚಾರಕ್ಕೆ ಹಾಕುವುದಲ್ಲ, ಜಾಮೀನು ನಿಲ್ಲುತ್ತಾನೆ.

ಎಷ್ಟು ವರಮಾನವಿರಬೇಕು? ಅಮೆರಿಕದ ಸರ್ಕಾರ ಬಡತನದ ಗೆರೆಯ ಪಟ್ಟಿಯೊಂದನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಆ ಗೆರೆಗಿಂತ ನೂರಕ್ಕೆ ಇಪ್ಪತ್ತೈದರಷ್ಟು ಮೇಲೆ ಗಂಡನ ವರಮಾನ ಇರಬೇಕು. 2025ರ ಪಟ್ಟಿಯಂತೆ ಗಂಡ ಹೆಂಡಿರಿಬ್ಬರೇ ಇರುವ ಸಂಸಾರಕ್ಕೆ ವರ್ಷಕ್ಕೆ 26,437 ಡಾಲರು. ಅದಕ್ಕೆ ಪುರಾವೆಯಾಗಿ ಹಿಂದಿನ ವರ್ಷದ ತೆರಿಗೆ ಲೆಕ್ಕವನ್ನು ಕೊಡಬೇಕು. ಆ ದೇಶದ ತೆರಿಗೆ ಇಲಾಖೆಯಿಂದ ಉಚಿತವಾಗಿ ದೊರೆಯುವ ಟ್ರಾನ್ಸ್‌ಕ್ರಿಪ್ಟೇ ಸಾಕು. ಜೊತೆಗೆ ಈಚಿನ ಸಂಬಳದ ಚೀಟಿಗಳೂ ಕೆಲಸ ಕೊಟ್ಟವರ ಪತ್ರವೂ ಇದ್ದರೆ ಕೈ ಗಟ್ಟಿಯಾಗುತ್ತದೆ.

ಎಲ್ಲ ದೇಶಗಳೂ ಒಂದೇ ಅಳತೆಯಲ್ಲಿ ಅಳೆಯುವುದಿಲ್ಲ. ಇಂಗ್ಲೆಂಡು 2012ರ ಜುಲೈಯಲ್ಲಿ ವರ್ಷಕ್ಕೆ 18,600 ಪೌಂಡುಗಳ ವರಮಾನವನ್ನು ಗೊತ್ತುಮಾಡಿ, 2024ರ ಏಪ್ರಿಲ್ 11ರಿಂದ ಅದನ್ನು 29,000ಕ್ಕೆ ಏರಿಸಿತು. ಹೆಂಡತಿಯನ್ನು ಕರೆಸಿಕೊಳ್ಳುವವನಿಗೆ ಕೆನಡಾ ಸಾಮಾನ್ಯವಾಗಿ ಇಂತಿಷ್ಟೇ ವರಮಾನವಿರಬೇಕೆಂದು ಕೇಳುವುದಿಲ್ಲ. ಮೂರು ವರ್ಷ ಸಾಕುವೆನೆಂಬ ಮುಚ್ಚಳಿಕೆಯನ್ನು ಮಾತ್ರ ಬರೆಸಿಕೊಳ್ಳುತ್ತದೆ. ಪ್ರೀತಿಗೆ ಅಳತೆಯಿಲ್ಲವೆಂದು ಕವಿಗಳು ಹೇಳುತ್ತ ಬಂದಿದ್ದಾರೆ. ಸರ್ಕಾರಗಳು ಒಂದೊಂದೂ ತನ್ನ ಕೊಳಗವನ್ನು ತಾನೇ ತಂದಿಟ್ಟುಕೊಂಡಿವೆ.

ಗಂಡನ ವರಮಾನ ಸಾಲದಾದಾಗಲೇ ನಮ್ಮ ಊರುಗಳ ಕಾಗದಗಳಿಗೆ ಕೆಲಸ ಬರುವುದು. ಕೊರತೆಯನ್ನು ಆಸ್ತಿಯಿಂದ ತುಂಬಿಸಲು ಅವಕಾಶವಿದೆ. ಅಮೆರಿಕದ ಪ್ರಜೆಯ ಹೆಂಡತಿಯ ವಿಷಯದಲ್ಲಿ ಕೊರತೆಯ ಮೂರರಷ್ಟು ಆಸ್ತಿಯನ್ನು ತೋರಿಸಬೇಕು. ವರಮಾನದಲ್ಲಿ 6,000 ಡಾಲರು ಕಡಮೆಯಾದರೆ, ಸಾಲವನ್ನು ಕಳೆದು ಉಳಿದ ಆಸ್ತಿ 18,000 ಡಾಲರಾದರೂ ಇರಬೇಕು. ಗಂಡನ ಆಸ್ತಿಯೂ ಆಗಬಹುದು, ಹೆಂಡತಿಯ ಆಸ್ತಿಯೂ ಆಗಬಹುದು. ಆದರೆ ಅದು ಒಂದು ವರ್ಷದೊಳಗೆ, ದೊಡ್ಡ ನಷ್ಟವಿಲ್ಲದೆ, ನಗದಾಗುವಂತಿರಬೇಕು.

ಈ ಮಾತನ್ನು ಅರೆಬರೆಯಾಗಿ ಕೇಳಿಕೊಂಡು ಬಂದ ಕೊರಟಗೆರೆಯ ಕಡೆಯ ಹಿರಿಯರೊಬ್ಬರು ಪಹಣಿಗಳನ್ನು ಮೇಜಿನ ಮೇಲೆ ಹರಡಿ, "ಮೇಷ್ಟ್ರೆ, ಹನ್ನೆರಡು ಎಕರೆ ಐತೆ. ಇದನ್ನೆಲ್ಲ ಇಂಗ್ಲೀಷಲ್ಲಿ ಬರ್ದು ಕಳ್ಸಿದ್ರೆ ಅವರು ಒಪ್ಕಳಲ್ವ?" ಎಂದು ಕೇಳಿದರು. ಅವರ ಹಿಂದೆ ನಿಂತಿದ್ದ ಮಗಳು ಪದವೀಧರೆ. ಆಕೆ ಒಂದು ಪಹಣಿಯನ್ನು ಎತ್ತಿಕೊಂಡು ಮೇಲಿನಿಂದ ಕೆಳಕ್ಕೆ ಓದಿ, "ಸಾರ್, ಇದರಲ್ಲಿ ನನ್ನ ಹೆಸರು ಎಲ್ಲಿದೆ?" ಎಂದಳು. ತಂದೆ, "ಎಲ್ಲಾ ನಿಂದೇ ಅಲ್ವೇನಮ್ಮ?" ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಕಾಗದದಲ್ಲಿ ಹೆಸರೂ ಇರಲಿಲ್ಲ.

ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಭೂಮಿಯ ಒಡೆಯರ ಹೆಸರಿರುತ್ತದೆ. ಹನ್ನೊಂದನೆಯ ಕಾಲಂನಲ್ಲಿ ಅದರ ಮೇಲಿನ ಸಾಲಸೋಲಗಳು. ನಮ್ಮ ತಾಲ್ಲೂಕುಗಳ ಪಹಣಿಗಳಲ್ಲಿ ಹನ್ನೊಂದನೆಯ ಕಾಲಂ ಖಾಲಿಯಿರುವುದು ಅಪರೂಪ. ಒಂಬತ್ತನೆಯದರಲ್ಲಿ, ಪೌತಿ ಖಾತೆ ಮಾಡಿಸದೆ ಬಿಟ್ಟ ಕಾರಣ, ಎಂದೋ ತೀರಿಕೊಂಡ ತಾತನ ಹೆಸರೇ ಇನ್ನೂ ಇರುವುದುಂಟು. ಇಲ್ಲವೆ ತಂದೆಯದೋ ಅಣ್ಣತಮ್ಮಂದಿರದೋ ಇರುತ್ತದೆ. ತಂದೆಯ ಜಮೀನು ಮಗಳ ಆಸ್ತಿಯಲ್ಲ. ಆ ತಂದೆ ಅರ್ಜಿದಾರನೂ ಅಲ್ಲ, ಅಮೆರಿಕದಲ್ಲಿ ಅಳಿಯನೊಡನೆ ಒಂದೇ ಮನೆಯಲ್ಲಿ ವಾಸಿಸುವ ಕುಟುಂಬಸ್ಥನೂ ಅಲ್ಲ. ಆದಕಾರಣ ಹನ್ನೆರಡು ಎಕರೆಯಾದರೂ ಒಂದೇ, ಹನ್ನೆರಡು ಗುಂಟೆಯಾದರೂ ಒಂದೇ. ಈ ಲೆಕ್ಕಕ್ಕೆ ಅದು ಸೇರುವುದಿಲ್ಲ. ಜಮೀನಿನ ಮೌಲ್ಯಪತ್ರ, ಲೆಕ್ಕಪರಿಶೋಧಕರ ಸರ್ಟಿಫಿಕೇಟು ಎಂದು ಸಾವಿರಾರು ರೂಪಾಯಿ ಸುರಿಯುವುದಕ್ಕೆ ಮೊದಲು ಈ ಒಂದು ಸಂಗತಿಯನ್ನು ತಿಳಿದುಕೊಳ್ಳುವುದು ಮೇಲು.

ಕಾನೂನು ಹೆಣ್ಣುಮಗಳಿಗೆ ಏನೂ ಕೊಟ್ಟಿಲ್ಲವೆಂದಲ್ಲ. ಕರ್ನಾಟಕವು 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಮಗಳಿಗೂ ಪಾಲು ವಿಧಿಸಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೇ ಆ ನಿಯಮ ಬಂದಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಖಚಿತಪಡಿಸಿತು. ಆದರೆ ವಿಭಾಗವಾಗದ ಪಾಲು ಒಂದು ವರ್ಷದಲ್ಲಿ ನಗದಾಗುವ ಸ್ವತ್ತಲ್ಲ. ಎಷ್ಟೋ ಮನೆಗಳಲ್ಲಿ ಮದುವೆಯ ಖರ್ಚಿಗೆ ಪ್ರತಿಯಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹುಡುಗಿಯ ರುಜು ಹಾಕಿಸಿಕೊಂಡಿರುತ್ತಾರೆ. ಹೀಗಾಗಿ ಆಕೆಯ ಹೆಸರಿನಲ್ಲಿ ಬ್ಯಾಂಕಿನ ಒಂದು ಪಾಸ್‌ಬುಕ್ಕು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಡವೆ ಮೈಮೇಲಿದೆ, ಅದರ ರಸೀದಿ ಅಂಗಡಿಯವನ ಗಲ್ಲಾಪೆಟ್ಟಿಗೆಯಲ್ಲಿಯೋ ತಂದೆಯ ಟ್ರಂಕಿನಲ್ಲಿಯೋ ಇದೆ.

ಹಣವಿದ್ದರೂ ಅದರ ಜಾಡು ಇಲ್ಲದಿರುವುದು ನಮ್ಮ ಸೀಮೆಯ ಇನ್ನೊಂದು ತೊಡಕು. ಬೇಸಾಯದ ವರಮಾನಕ್ಕೆ ಕೇಂದ್ರದ ತೆರಿಗೆ ಇಲ್ಲ; ಅದೊಂದೇ ಕಸುಬಾದವರು ತೆರಿಗೆ ಲೆಕ್ಕ ಸಲ್ಲಿಸಿರುವುದೂ ಇಲ್ಲ. ಶೇಂಗಾ, ಹುಣಸೆಹಣ್ಣು, ಅಡಕೆಗಳನ್ನು ಮಾರಿದ ಹಣ ಮಂಡಿಯಿಂದ ಚೀಟಿಯೊಡನೆ ಬಂದು, ಗೊಬ್ಬರದ ಅಂಗಡಿಗೆ ಚೀಟಿಯಿಲ್ಲದೆ ಹೋಗುತ್ತದೆ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಪಾವಗಡದಲ್ಲಿದೆ. ತಿರುಮಣಿಯ ಸುತ್ತಲ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನಕ್ಕೆ ರೈತರು ಭೂಮಿಯನ್ನು ಮಾರಲಿಲ್ಲ. 28 ವರ್ಷದ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂಬುದು ಕರಾರು. ಮಳೆ ಬಂದರೂ ಬಾರದಿದ್ದರೂ ಬರುವ ಈ ಹಣಕ್ಕೆ ಕರಾರುಪತ್ರವಿದೆ, ಬ್ಯಾಂಕಿನ ಪುಸ್ತಕದಲ್ಲಿ ಸಾಲೊಂದಿದೆ. ಓದುವವನು ಮುಂಬಯಿಯಲ್ಲಿರಲಿ ವಾಷಿಂಗ್ಟನ್ನಿನಲ್ಲಿರಲಿ, ಅದನ್ನು ಓದಬಲ್ಲ. ಅದೇ ರೈತನ ಶೇಂಗಾದ ಬೆಳೆ ಎರಡು ಪಟ್ಟು ತಂದಿದ್ದರೂ ಆ ಮೇಜಿನ ಮೇಲೆ ಅದು ಮೂಕ. ಗುತ್ತಿಗೆಯ ಹಣವೂ ಒಡೆಯನ ಹೆಸರಿಗೇ ಬರುವುದರಿಂದ ಮಗಳ ಅರ್ಜಿಗೆ ಅದೂ ತಾನಾಗಿ ಒದಗುವುದಿಲ್ಲ. ಆದರೆ ಮಗಳ ಖಾತೆಗೆ ತಂದೆ ನಿಜವಾಗಿಯೂ ಹಣ ಕೊಟ್ಟಿದ್ದರೆ, ಅದು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರವಾಗುತ್ತದೆ.

ಇಲ್ಲಿಯೇ ಒಂದು ಅಪಾಯವನ್ನು ಹೇಳಬೇಕು. ನಾಲ್ಕು ದಿನದ ಮಟ್ಟಿಗೆ ಬಂಧುಗಳಿಂದ ಹಣ ತಂದು ಹುಡುಗಿಯ ಖಾತೆಗೆ ಕಟ್ಟಿ, ಬಾಕಿಯ ಸರ್ಟಿಫಿಕೇಟು ಪಡೆದು, ಹಣವನ್ನು ಹಿಂದಿರುಗಿಸುವ ಉಪಾಯವನ್ನು ಬೋಧಿಸುವ ದಲ್ಲಾಳಿಗಳಿದ್ದಾರೆ. ಆದರೆ ಖಾತೆಯ ಪುರಾವೆಯೆಂದರೆ ಹನ್ನೆರಡು ತಿಂಗಳ ವಿವರ. ಖಾತೆ ಎಂದು ತೆರೆಯಿತು, ವರ್ಷದಲ್ಲಿ ಎಷ್ಟು ಜಮೆಯಾಯಿತು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಹನ್ನೊಂದು ತಿಂಗಳು ಮೂರು ಸಾವಿರವಿದ್ದ ಖಾತೆಯಲ್ಲಿ ಹನ್ನೆರಡನೆಯ ತಿಂಗಳು ಹದಿನೈದು ಲಕ್ಷ ಕಂಡರೆ, ಅಧಿಕಾರಿಗೆ ಅನುಮಾನ ಬರಲು ಕನ್ನಡ ಬರಬೇಕಾಗಿಲ್ಲ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅರ್ಜಿಯ ಜೊತೆಗೆ ಆಕೆಯ ಮುಂದಿನ ದಾರಿಯೂ ಮುಚ್ಚಿಹೋಗಬಹುದು. ಉಪಾಯ ಹೇಳಿದವನು ಆಗ ಊರಿನಲ್ಲಿರುವುದಿಲ್ಲ.

ಹೆಸರುಗಳ ವಿಚಾರವೂ ಚಿಕ್ಕದಲ್ಲ. ನಮ್ಮಲ್ಲಿ ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಅಕ್ಷರಗಳು ಬಿಡಿಸಿಕೊಂಡು ಪೂರ್ಣ ನಾಮಗಳಾಗುತ್ತವೆ. ಬ್ಯಾಂಕಿನಲ್ಲಿ ಅಕ್ಷರಗಳಾಗಿಯೇ ಉಳಿಯುತ್ತವೆ. ಶಾಲೆಯ ಪತ್ರದಲ್ಲಿ ಇನ್ನೊಂದು ಕಾಗುಣಿತ. ಊರುಗಳಾದರೂ ಅಷ್ಟೆ. ಇಂಗ್ಲಿಷಿನಲ್ಲಿ ತುಮಕೂರಿನ ಹಳೆಯ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಗಿದೆ. ಶಿರಾವನ್ನು ಬರೆಯುವುದಕ್ಕೆ ಎರಡು ರೀತಿಗಳಿವೆ. ಎರಡು ಕಾಗದಗಳಲ್ಲಿ ಎರಡು ಊರುಗಳೆಂದು ಕಾಣುವುದು ಒಂದೇ ಊರೆಂದು ಒಂದು ಸಾಲಿನ ವಿವರಣೆ ಬರೆಯಬೇಕು. ಇಬ್ಬರೆಂದು ಕಾಣುವವಳು ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕು. ಮದುವೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವಾಗಲೇ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆಸಿದರೆ ಮುಂದಿನ ಅರ್ಧ ಅಲೆದಾಟ ತಪ್ಪುತ್ತದೆ.

ಗಂಡನ ವರಮಾನವೂ ಸಾಲದು, ಆಸ್ತಿಯೂ ಇಲ್ಲವೆಂದಾದರೆ ಉಳಿದಿರುವುದು ಜೊತೆ ಜಾಮೀನು. ಅಮೆರಿಕದಲ್ಲಿ ನೆಲೆಸಿರುವ, ಹದಿನೆಂಟು ತುಂಬಿದ ಪ್ರಜೆಯೋ ಕಾಯಂ ವಾಸಿಯೋ ಆದ ಬೇರೊಬ್ಬರು ತಮ್ಮ ವರಮಾನವನ್ನು ತೋರಿಸಿ ರುಜು ಹಾಕಬಹುದು. ಅವರು ನೆಂಟರೇ ಆಗಬೇಕೆಂದಿಲ್ಲ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಪರಿಚಯವಾದ ಸಹೃದಯರೂ ಆಗಬಹುದು. ಆದರೆ ಒಬ್ಬಟ್ಟಿನ ಸ್ನೇಹಕ್ಕೆ ಈ ಭಾರ ಹೆಚ್ಚು. ಸೊಸೈಟಿಯ ಸಾಲಕ್ಕೆ ಜಾಮೀನು ನಿಂತು ಕೆಟ್ಟವರ ಕಥೆಗಳು ನಮ್ಮ ಪ್ರತಿ ಹಳ್ಳಿಯಲ್ಲಿಯೂ ಇವೆ. ಅವರನ್ನು ಕೇಳುವವರು ಪತ್ರದ ಒಕ್ಕಣೆಯನ್ನು ಅವರಿಗೆ ಮೊದಲೇ ಓದಿಸುವುದು ಮರ್ಯಾದೆ. ಜೊತೆ ಜಾಮೀನುದಾರರು ಬಂದರೆಂದು ಗಂಡನ ರುಜು ತಪ್ಪುವುದಿಲ್ಲ, ಇಬ್ಬರೂ ಹೊಣೆಗಾರರೇ.

ಈ ಹೊಣೆ ಎಲ್ಲಿಯವರೆಗೆ? ಈ ಭಾಗವನ್ನು ಹೆಣ್ಣುಮಕ್ಕಳು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ಆಕೆ ಅಮೆರಿಕದ ಪ್ರಜೆಯಾಗುವವರೆಗೆ. ಅಥವಾ ಆಕೆಯ ಲೆಕ್ಕಕ್ಕೆ ನಲವತ್ತು ತ್ರೈಮಾಸಿಕಗಳ, ಎಂದರೆ ಸುಮಾರು ಹತ್ತು ವರ್ಷದ, ದುಡಿಮೆ ಸೇರುವವರೆಗೆ. ಅಥವಾ ಆಕೆ ಕಾಯಂ ವಾಸದ ಹಕ್ಕನ್ನು ಬಿಟ್ಟು ಆ ದೇಶದಿಂದ ಹೊರಟುಹೋಗುವವರೆಗೆ. ಅಥವಾ ಇಬ್ಬರಲ್ಲೊಬ್ಬರ ಮರಣದವರೆಗೆ. ಈ ಪಟ್ಟಿಯಲ್ಲಿ ವಿವಾಹ ವಿಚ್ಛೇದನದ ಹೆಸರಿಲ್ಲ. ಮದುವೆ ಮುರಿದರೂ ಪತ್ರ ಮುರಿಯುವುದಿಲ್ಲ. ಬಡತನದ ಗೆರೆಯ ನೂರಕ್ಕೆ ನೂರ ಇಪ್ಪತ್ತೈದರ ಮಟ್ಟಕ್ಕೆ ಆಕೆಯ ಜೀವನವನ್ನು ಹಿಡಿದೆತ್ತಬೇಕಾದ ಹೊಣೆ ಅವನದೇ. ತಪ್ಪಿದರೆ ಆಕೆಯೇ ಕೋರ್ಟಿಗೆ ಹೋಗಬಹುದು. 2012ರಲ್ಲಿ ಅಲ್ಲಿಯ ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಆಕೆ ಕೆಲಸ ಹುಡುಕಲಿಲ್ಲವೆಂಬ ನೆಪದಿಂದ ಗಂಡ ಈ ಹೊಣೆಯಿಂದ ಜಾರಿಕೊಳ್ಳಲಾರನೆಂದು ತೀರ್ಪು ಕೊಟ್ಟಿತು. 2016ರಲ್ಲಿ ಒಂಬತ್ತನೆಯ ವಲಯದ ನ್ಯಾಯಾಲಯವು, ಮದುವೆಗೆ ಮೊದಲು ಜೀವನಾಂಶ ಬೇಡವೆಂದು ಬರೆದುಕೊಟ್ಟಿದ್ದರೂ ಈ ಹೊಣೆ ತಪ್ಪದೆಂದಿತು.

ವಿಚಿತ್ರವೆಂದರೆ, ಯಾರಿಗೆ ಈ ಹಕ್ಕು ದೊರೆಯುತ್ತದೆಯೋ ಅವಳೇ ಈ ಪತ್ರವನ್ನು ನೋಡಿರುವುದಿಲ್ಲ. ಗಂಡ ತುಂಬಿಸುತ್ತಾನೆ, ಮಾವ ವಿಚಾರಿಸುತ್ತಾನೆ, ತಂದೆ ಕಾಗದ ಹೊರುತ್ತಾನೆ, ಮೇಷ್ಟ್ರು ಅನುವಾದ ಮಾಡುತ್ತಾನೆ. ಇಷ್ಟು ಜನ ಗಂಡಸರು ಸೇರಿ ಸಿದ್ಧಪಡಿಸಿದ ಕಟ್ಟನ್ನು ಆಕೆ ಎದೆಗವಚಿಕೊಂಡು ಸಂದರ್ಶನಕ್ಕೆ ಹೋಗುತ್ತಾಳೆ. ಒಳಗೇನಿದೆಯೆಂದು ಅಧಿಕಾರಿ ಕೇಳಿದರೆ, "ನಮ್ಮವರನ್ನು ಕೇಳಬೇಕು" ಎನ್ನುತ್ತಾಳೆ.

ಎರಡು ವರ್ಷ ಕಳೆಯುವಷ್ಟರಲ್ಲಿ ಮತ್ತೊಂದು ಪರೀಕ್ಷೆ ಕಾದಿರುತ್ತದೆ. ಆ ದೇಶವನ್ನು ಪ್ರವೇಶಿಸುವಾಗ ಮದುವೆಗೆ ಎರಡು ವರ್ಷ ತುಂಬಿಲ್ಲದಿದ್ದರೆ ಕೊಡುವ ಹಕ್ಕು ಷರತ್ತಿನದು. 1986ರಲ್ಲಿ, ಸುಳ್ಳು ಮದುವೆಗಳನ್ನು ತಡೆಯಲೆಂದು, ಮಾಡಿದ ಕಾನೂನು ಇದು. ಎರಡು ವರ್ಷದ ಗಡುವು ಮುಗಿಯುವ ಮೊದಲಿನ ತೊಂಬತ್ತು ದಿನಗಳಲ್ಲಿ ಷರತ್ತನ್ನು ತೆಗೆಸಲು ಅರ್ಜಿ ಹಾಕಬೇಕು. ಆಗಿನ ಪ್ರಶ್ನೆ ಸಾಕಬಲ್ಲನೇ ಎಂಬುದಲ್ಲ, ಕೂಡಿ ಬಾಳಿದಿರಾ ಎಂಬುದು. ಉತ್ತರ ಮಾತ್ರ ಪುನಃ ಹಣದ ಕಾಗದಗಳಲ್ಲಿಯೇ: ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಕೂಡಿ ಸಲ್ಲಿಸಿದ ತೆರಿಗೆ ಲೆಕ್ಕ, ಒಬ್ಬರು ಇನ್ನೊಬ್ಬರನ್ನು ಹೆಸರಿಸಿದ ವಿಮೆ. ಎರಡು ವರ್ಷ ಅಡುಗೆ ಮಾಡಿ, ಮನೆ ನಡೆಸಿ, ಮಗುವನ್ನು ಹೆತ್ತರೂ ವಿದ್ಯುಚ್ಛಕ್ತಿಯ ಬಿಲ್ಲಿನಲ್ಲಿ ಕೂಡ ಹೆಸರಿಲ್ಲದ ಹೆಣ್ಣು ಆಗ ತಡಕಾಡುತ್ತಾಳೆ. ಸಂಸಾರ ಕೆಟ್ಟು ಒಬ್ಬಳೇ ಅರ್ಜಿ ಹಾಕಬೇಕಾಗಿ ಬಂದರೆ, ಅದಕ್ಕೂ ಕಾನೂನಿನಲ್ಲಿ ದಾರಿಯಿದೆ. ಆದರೆ ಆ ದಾರಿಗೂ ಕಾಗದಗಳೇ ಬುತ್ತಿ.

ಆದಕಾರಣ ಪರದೇಶಕ್ಕೆ ಹೆಣ್ಣು ಕೊಡುವ ನಮ್ಮ ನಾಲ್ಕು ತಾಲ್ಲೂಕುಗಳ ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಲಗ್ನ ಗೊತ್ತಾಗುವುದಕ್ಕೆ ಬಹಳ ಮೊದಲೇ ಮಗಳ ಹೆಸರಿನಲ್ಲಿ ಖಾತೆಯೊಂದಿರಲಿ. ಅದರಲ್ಲಿ ಆಕೆ ತಾನೇ ಹಣ ಕಟ್ಟಲಿ, ತಾನೇ ತೆಗೆಯಲಿ. ಒಡವೆ ಕೊಟ್ಟರೆ ಆಕೆಯ ಹೆಸರಿನ ರಸೀದಿಯನ್ನೂ ಕೊಡಿ. ಭೂಮಿಯಲ್ಲಿ ಪಾಲು ಕೊಡುವ ಮನಸ್ಸಿದ್ದರೆ ಒಂಬತ್ತನೆಯ ಕಾಲಂನಲ್ಲಿ ಅದನ್ನು ಬರೆಸಿ. ಮನಸ್ಸಿಲ್ಲದಿದ್ದರೆ, ಎಲ್ಲವೂ ನಿನ್ನದೇ ಎಂಬ ಮಾತನ್ನಾದರೂ ಆಡದಿರಿ. ಅಳಿಯಂದಿರಲ್ಲಿಯೂ ಒಂದು ಮಾತು. ಆಕೆ ಬಂದಿಳಿದ ಮೊದಲ ವಾರವೇ ಬ್ಯಾಂಕಿಗೆ ಕರೆದೊಯ್ದು ಹೆಸರು ಸೇರಿಸಿ; ಅದು ಸರ್ಕಾರಕ್ಕೆ ತೋರಿಸುವುದಕ್ಕಿಂತ ಹೆಚ್ಚಾಗಿ ಆಕೆಗೆ ತೋರಿಸುವ ವಿಶ್ವಾಸ.

ಹೊರಡಲಿರುವ ಹುಡುಗಿಗೆ ಹೇಳುವುದು ಇಷ್ಟೆ: ಕಟ್ಟಿನಲ್ಲಿರುವ ಒಂದೊಂದು ಕಾಗದವನ್ನೂ ಓದು. ತಿಳಿಯದುದನ್ನು ನಾಚಿಕೆಯಿಲ್ಲದೆ ಕೇಳು. ಗಂಡ ರುಜು ಹಾಕಿದ ಪತ್ರದ ಪ್ರತಿಯೊಂದನ್ನು ತೆಗೆದು ನಿನ್ನ ಪೆಟ್ಟಿಗೆಯಲ್ಲಿ, ಚಟ್ನಿಪುಡಿಯ ಡಬ್ಬಿಗೆ ದೂರವಾಗಿ, ಎಣ್ಣೆ ತಾಗದಂತೆ ಇಟ್ಟುಕೊ. ಅದನ್ನು ಬಳಸುವ ಸಂದರ್ಭ ನಿನಗೆ ಬಾರದಿರಲಿ. ಆದರೆ ಅದು ಎಲ್ಲಿದೆಯೆಂಬುದು ನಿನಗೆ ಗೊತ್ತಿರಲಿ.